ಇಪ್ಪತ್ತಮೂರನೆಯ ಕೋರಿಕೆ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಪರದೆಯ ಮೇಲಿನ ವಾಲ್ವಿನ ಗುರುತು ಹಳದಿಯಿಂದ ಹಸಿರಾಯಿತು. ಹಸಿರಾದರೆ ಅಮೋನಿಯಾ ಹರಿಯುವ ಕೊಳವೆ ಬಂದ್ ಆಗಿದೆ ಎಂದು ಅರ್ಥ. ನಾನು ಪರದೆಯ ಎದುರಿಗೇ ಕೂತಿದ್ದೆ. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಆಪರೇಟರ್ ಕಾಕಾ ಮೂಗು ಮುಚ್ಚಿಕೊಂಡು ಕೇಳಿದರು. ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು, ಮೇಡಂ ಎಂದ ಹಾಗೆ.

“ವಾಸನಿ ಬಡಿಯಾಕತ್ತೈತಿ. ಬಂದ್ ಆತೇನ್ರಿ ಬಾಯಾರ?”

“ಹೂಂ ಕಾಕಾ, ಆಗೇತ್ರಿ.”

ಅವರು ಹೆಗಲ ಮೇಲಿನ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಮೂಗು ಬಾಯಿಗೆ ಸುತ್ತಿಕೊಂಡು, ಗೋಡೆಗೆ ಒರಗಿಸಿದ್ದ ದೊಡ್ಡ ಪಾನಾ ಎತ್ತಿಕೊಂಡು ಪಕ್ಕದ ಕಂಪ್ರೆಸರ್ ಕೋಣೆಯೊಳಗೆ ಹೋದರು. ಕೊಳವೆಯ ಜೋಡಣೆಯಲ್ಲಿ ಎಲ್ಲೋ ಸೋರುತ್ತಿದೆ, ಬೋಲ್ಟು ಬಿಗಿದರೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ವಾಲ್ವ್ ಬಂದ್ ಆಗಿದ್ದರೆ ಆ ಲೆಕ್ಕ ಸರಿಯಾಗಿತ್ತು. ವಾಲ್ವ್ ಬಂದ್ ಆಗಿರಲಿಲ್ಲ.

ಹೂಂ ಕಾಕಾ, ಆಗೇತ್ರಿ ಎಂಬ ಆ ಮೂರು ಮಾತುಗಳನ್ನು ನಾನು ಎಷ್ಟು ಸಲ ಮತ್ತೆ ಆಡಿದ್ದೇನೆಂದು ಹೇಳಲಾರೆ. ಒಮ್ಮೊಮ್ಮೆ “ತಡೀರಿ ಕಾಕಾ, ನೋಡ್ತೀನಿ” ಎನ್ನುತ್ತೇನೆ. ಒಮ್ಮೊಮ್ಮೆ ಕುರ್ಚಿಯಿಂದ ಎದ್ದು ಅವರ ಟವೆಲ್ಲು ಹಿಡಿದೆಳೆಯುತ್ತೇನೆ. ನಿಜವಾಗಿ ಮಾಡಿದ್ದು ಹೂಂ ಎಂದದ್ದು.

ಅದು ಕಾಗವಾಡ ತಾಲೂಕಿನ ಒಂದು ಕೋಲ್ಡ್ ಸ್ಟೋರೇಜ್. ಅಥಣಿ ಕಡೆಯ ಒಣದ್ರಾಕ್ಷಿ ಬೇಸಿಗೆಯಲ್ಲಿ ಅಲ್ಲಿಗೆ ಬಂದು, ಮಾರಾಟವಾಗುವವರೆಗೆ ದೊಡ್ಡ ದೊಡ್ಡ ತಂಪು ಕೋಣೆಗಳಲ್ಲಿ ಇರುತ್ತದೆ. ಕೋಣೆಗಳನ್ನು ತಂಪಾಗಿಡುವುದು ಅಮೋನಿಯಾ. ಒತ್ತಡದಲ್ಲಿ ಅದು ಕೊಳವೆಯೊಳಗೆ ನೀರಿನಂತೆ ಹರಿಯುತ್ತದೆ. ಹೊರಗೆ ಬಂದರೆ ಹೊಗೆ. ಕಣ್ಣು, ಗಂಟಲು, ಎದೆ, ಒದ್ದೆ ಇರುವ ಜಾಗವನ್ನೆಲ್ಲ ಹುಡುಕಿಕೊಂಡು ಹೋಗಿ ಸುಡುತ್ತದೆ.

ನಾನು ಚಿಕ್ಕೋಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಗಳ, ಡೇರಿಗಳ ಹಳೆಯ ಕಂಪ್ಯೂಟರುಗಳನ್ನು ನಡೆಯುವಂತೆ ಇಡುವುದು ನಮ್ಮ ಕೆಲಸ. ಈ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋದ ಮೇಲೆ ಅದರ ಮಾಲಕರು ನಮ್ಮ ಯಜಮಾನರಿಗೆ ಫೋನು ಮಾಡಿದ್ದರು. ಯಜಮಾನರನ್ನು ನಾವು ಸರ್ ಎನ್ನುತ್ತೇವೆ. ಸರ್ ನನ್ನನ್ನು ಕಳಿಸಿದರು.

ಸುಟ್ಟ ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಇತ್ತು. ಗೋಡೆಯ ಮೇಲಿನ ನಾಲ್ಕು ಗ್ಯಾಸ್ ಸೆನ್ಸರುಗಳನ್ನು ಓದುವುದು, ವಾಲ್ವು, ಫ್ಯಾನು, ಅಪಾಯಕ್ಕೆ ಕೂಗುವ ಸೈರನ್ ಅಂದರೆ ಭೋಂಗಾ, ಈ ಮೂರನ್ನು ನಡೆಸುವುದು ಅದರ ಕೆಲಸ. ಅಂಥ ಕಾರ್ಡ್ ಕೂರುವ ಜಾಗ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಅದೇ ಕೆಲಸ ಮಾಡುವ ಹೊಸ ಪೆಟ್ಟಿಗೆಯೊಂದನ್ನು ತರಿಸಿದೆವು. ಆದರೆ ಗ್ಯಾಸಿನ ಮೇಲೆ ಕಣ್ಣಿಡುವ ಪ್ರೋಗ್ರಾಂ ಹಳೆಯದು. ಬರೆದವರ ಕಂಪನಿ ಮುಚ್ಚಿ ವರ್ಷಗಳಾಗಿವೆ, ಮೂಲ ಬರಹ ಯಾರ ಬಳಿಯೂ ಇಲ್ಲ. ಆ ಪ್ರೋಗ್ರಾಮಿಗೆ ಹಳೆಯ ಕಾರ್ಡಿನ ಜೊತೆ ಮಾತಾಡುವುದು ಮಾತ್ರ ಗೊತ್ತು. ಹಾಗಾಗಿ ಹಳೆಯ ಕಾರ್ಡಿನ ವೇಷ ಹಾಕಿ ನಿಲ್ಲುವ ಒಂದು ಪ್ರೋಗ್ರಾಂ ನಾನು ಬರೆಯಬೇಕಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ಯಾವುದು ಎಂಬುದು ತಿಳಿಯುವುದಿಲ್ಲ. ಕಂಪ್ಯೂಟರಿನ ಒಳಗೆ ಯಾವ ಪ್ರೋಗ್ರಾಮೂ ಸಾಧನವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಕರ್ನಲ್ ಇರುತ್ತದೆ. ಪ್ರೋಗ್ರಾಂ ಕರ್ನಲ್‌ಗೆ ಹೇಳುತ್ತದೆ, ಕರ್ನಲ್ ಸಾಧನಕ್ಕೆ ಮುಟ್ಟಿಸುತ್ತದೆ. “ಓದು”, “ಬರೆ” ಎಂಬ ಮಾತುಗಳು ಸುಲಭ, ಎಷ್ಟು ಬೈಟು ಎಂಬುದು ಮಾತಿನಲ್ಲೇ ಇರುತ್ತದೆ. ಇನ್ನೊಂದು ಬಗೆಯ ಮಾತಿದೆ, ನಿಯಂತ್ರಣ ಕೋರಿಕೆ. ಫ್ಯಾನು ಹಚ್ಚು, ದೀಪ ಆರಿಸು, ವಾಲ್ವು ಮುಚ್ಚು ಎಂಬಂಥವು ಅದರಲ್ಲಿ ಹೋಗುತ್ತವೆ. ಅದರಲ್ಲಿ ಇರುವುದು ಒಂದು ಸಂಖ್ಯೆ ಮತ್ತು ಒಂದು ವಿಳಾಸ. ಸಂಖ್ಯೆಯ ಅರ್ಥ ಆ ಸಾಧನಕ್ಕೆ ಮಾತ್ರ ಗೊತ್ತು. ವಿಳಾಸ, ಕೇಳಿದ ಪ್ರೋಗ್ರಾಮಿನ ಸ್ವಂತ ಮೆಮೊರಿಯೊಳಗಿನದು, ಹೊರಗಿನವರು ಅಲ್ಲಿ ಕೈಹಾಕುವಂತಿಲ್ಲ.

ವೇಷದ ಪ್ರೋಗ್ರಾಮನ್ನು ಕರ್ನಲಿನ ಒಳಗೇ ಬರೆಯಬಹುದಿತ್ತು. ಒಳಗೆ ತಪ್ಪಿದರೆ ಇಡೀ ಯಂತ್ರ ಬೀಳುತ್ತದೆ. ಇನ್ನೊಂದು ದಾರಿ, ಹೊರಗೆ ಸಾಮಾನ್ಯ ಪ್ರೋಗ್ರಾಂಗಳ ಜಾಗದಲ್ಲಿ ಫೈಲ್ ವ್ಯವಸ್ಥೆಗಳನ್ನು ಬರೆಯುವವರು ಬಳಸುವ ಏರ್ಪಾಡು. ಅದರಲ್ಲಿ ಕರ್ನಲ್ ಪ್ರತಿ ಕೋರಿಕೆಯನ್ನೂ ಕಟ್ಟಿ ನನ್ನ ಪ್ರೋಗ್ರಾಮಿಗೆ ತಂದುಕೊಡುತ್ತದೆ. ನಾನು ಹೇಳಿದ ಉತ್ತರವನ್ನು ಹಾಗೆಯೇ ಒಯ್ದು ಕೇಳಿದವರಿಗೆ ಕೊಡುತ್ತದೆ. ಉತ್ತರ ನಿಜವೇ ಎಂದು ಅದು ನೋಡುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ನಾನು ಈ ಎರಡನೆಯ ದಾರಿ ಹಿಡಿದೆ. “ತಪ್ಪಾದ್ರೂ ನನ್ನ ಪ್ರೋಗ್ರಾಂ ಅಷ್ಟ ಬೀಳ್ತೈತ್ರಿ ಸರ್, ಮಷೀನ್ ಬೀಳೂದಿಲ್ಲ” ಎಂದು ಹೇಳಿದ್ದೆ. ಅದು ನಿಜವಾಗಿತ್ತು. ಯಂತ್ರ ಬೀಳಲಿಲ್ಲ. ನನ್ನ ಪ್ರೋಗ್ರಾಮೂ ಬೀಳಲಿಲ್ಲ.

ಮೊದಲ ಮೂರು ದಿನ ಏನೂ ಹುಟ್ಟಲಿಲ್ಲ. ಕೋರಿಕೆಯ ಸಂಖ್ಯೆ ಬರುತ್ತಿತ್ತು, ವಿಳಾಸ ಬರುತ್ತಿತ್ತು, ವಿಳಾಸದಲ್ಲಿದ್ದ ವಿಷಯ ಮಾತ್ರ ಖಾಲಿ. ಎಷ್ಟು ಬೈಟು ತರಬೇಕೆಂದು ಕರ್ನಲ್‌ಗೆ ಗೊತ್ತಿರಲಿಲ್ಲ. ನಾನು ಮೊದಲು “ಈ ವಿಳಾಸದಿಂದ ಇಷ್ಟು ಬೈಟು ಎತ್ತಿಕೊಂಡು ಮತ್ತೊಮ್ಮೆ ಬಾ” ಎಂದು ಉತ್ತರಿಸಬೇಕು, ಆಗ ಅದು ಎರಡನೆಯ ಸಲ ವಿಷಯದೊಂದಿಗೆ ಬರುತ್ತದೆ. ಇದು ಹೊಳೆಯುವವರೆಗೆ ನಾನು ಕಂಪ್ರೆಸರ್ ಕೋಣೆಯ ಪಕ್ಕದ ಆಫೀಸಿನಲ್ಲಿ ಲ್ಯಾಪ್‌ಟಾಪ್ ಎದುರು ಕೂತೇ ಇದ್ದೆ. ಕಾಕಾ ಗಂಟೆಗೊಮ್ಮೆ ಬಂದು ಇಣುಕುತ್ತಿದ್ದರು.

“ನಿನ್ನಿಯಿಂದ ಏನ್ ಹುಡುಕಾಕತ್ತೀರಿ ಬಾಯಾರ ಅದರಾಗ? ಕಬ್ಬಿನ ಹೊಲದಾಗ ಮೂಗಬಟ್ಟ ಬಿದ್ದಂಗ ಆತಲ್ರಿ.”

ಅವರಿಗೆ ಅರವತ್ತರ ಹತ್ತಿರ. ಉಗಾರ ಬುದ್ರುಕದವರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕಂಪ್ರೆಸರುಗಳ ಜೊತೆ ಇದ್ದವರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅರ್ಧ ರೊಟ್ಟಿ ನನ್ನ ಕಡೆ ಸರಿಸುತ್ತಿದ್ದರು. “ನಿಮ್ಮ ಕಾಕೂ ಖಾರ ಭಾಳ ಹಾಕ್ತಾಳ, ನೀರ ಇಟಗೊಂಡ ತಿನ್ರಿ” ಎನ್ನುತ್ತಿದ್ದರು.

ಮುಂದಿನ ತೊಡಕು ಅಳತೆಯದು. ಹಳೆಯ ಪ್ರೋಗ್ರಾಂ ಮೂವತ್ತೆರಡು ಬಿಟ್ಟಿನ ಕಾಲದ್ದು, ಹೊಸ ಯಂತ್ರ ಅರವತ್ತನಾಲ್ಕರದ್ದು. ಅದು ನಾಲ್ಕು ಬೈಟಿನಲ್ಲಿ ಬರೆದದ್ದನ್ನು ನಾನು ಎಂಟರಲ್ಲಿ ಓದುತ್ತಿದ್ದೆ. ಫ್ಯಾನಿನ ಬಟನ್ ಒತ್ತಿದರೆ ಭೋಂಗಾ ಕೂಗಿತು. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದ ಹೆಂಗಸರು ಬುಟ್ಟಿ ಬಿಟ್ಟು ಹೊರಗೋಡಿದರು. ಕಾಕಾ ನಗುತ್ತಾ ಅವರನ್ನು ಒಳಗೆ ಕಳಿಸಿದರು. “ಬರ್ರಿ ಬರ್ರಿ, ಬಾಯಾರ ಮಷೀನಿಗೆ ಮಾತ ಕಲಸಾಕತ್ತಾರ, ಇನ್ನೂ ತೊದಲ್ತೈತಿ.”

ಅದೂ ಸರಿಹೋಯಿತು. ಆಮೇಲೆ ಬಂದದ್ದು ಕೆಂಪು ಚೌಕಟ್ಟು.

ಹಳೆಯ ಪ್ರೋಗ್ರಾಂ ಶುರುವಾದೊಡನೆ ಒಂದು ಕೋರಿಕೆ ಕಳಿಸುತ್ತಿತ್ತು, ಒಂಬತ್ತನೆಯದು. ಅದರ ಅರ್ಥ ನನಗೆ ತಿಳಿಯಲಿಲ್ಲ. ಕಾರ್ಡಿನ ಮೇಲಿನ ಒಂದು ಚಿಕ್ಕ ದೀಪಕ್ಕೆ ಸಂಬಂಧಪಟ್ಟದ್ದಿರಬೇಕು, ಹೊಸ ಪೆಟ್ಟಿಗೆಯಲ್ಲಿ ಅಂಥ ದೀಪ ಇರಲಿಲ್ಲ. ಗೊತ್ತಿಲ್ಲದ ಕೋರಿಕೆಗೆ ಕೊಡಬೇಕಾದ ಉತ್ತರ ಒಂದಿದೆ, “ಇದು ನನಗೆ ಸಂಬಂಧಿಸಿದ್ದಲ್ಲ” ಎಂಬ ದೋಷಸಂಖ್ಯೆ. ಬಹಳ ಹಳೆಯ ಕಾಲದಿಂದ ಬಂದ ಅದರ ಸಂದೇಶ “ಇದು ಟೈಪ್‌ರೈಟರ್ ಅಲ್ಲ” ಎಂದಿತ್ತು. ಕಾಲೇಜಿನಲ್ಲಿ ನಾವು ನಕ್ಕಿದ್ದೆವು. ನಾನು ಸರಿಯಾಗಿಯೇ ಆ ಉತ್ತರ ಕೊಟ್ಟೆ. ಹಳೆಯ ಪ್ರೋಗ್ರಾಂ ಕೆಂಪು ಚೌಕಟ್ಟು ತೋರಿಸಿ ನಿಂತುಹೋಯಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು.

ಆಗಲೇ ಟ್ರಕ್ಕುಗಳು ಬರತೊಡಗಿದ್ದವು. ಮಾಲಕರು ಆಫೀಸಿಗೆ ಬಂದು ನಿಂತರು. ಅವರು ಊರಿನ ಹಳೆಯ ಜೈನ ವ್ಯಾಪಾರಿ ಮನೆತನದವರು, ಎಲ್ಲರೂ ಅಣ್ಣಾ ಎನ್ನುತ್ತಾರೆ, ದನಿ ಏರಿಸಿದ್ದನ್ನು ನಾನು ಕಂಡಿಲ್ಲ.

“ಹೆಂಗ ತಂಗಿ, ನಾಳಿಗೆ ಆಗ್ತೈತೇನ?”

“ಆಗ್ತೈತ್ರಿ ಅಣ್ಣಾ. ಒಂದ ಸಣ್ಣದ ಉಳದೈತಿ.”

ಆ ಸಣ್ಣದಕ್ಕೆ ನಾನು ಒಂದು ಸಾಲು ಬರೆದೆ. ಕೋರಿಕೆಯ ಸಂಖ್ಯೆ ಪಟ್ಟಿಯಲ್ಲಿರುವ ಯಾವುದೂ ಅಲ್ಲದಿದ್ದರೆ ಉತ್ತರ ಸೊನ್ನೆ. ಈ ಲೋಕದಲ್ಲಿ ಸೊನ್ನೆ ಎಂದರೆ “ಆಯಿತು, ಹೇಳಿದ್ದನ್ನು ಮಾಡಿದೆ”. ಒಂಬತ್ತನೆಯದಕ್ಕೆ ಮಾತ್ರ ಸೊನ್ನೆ ಕೊಡಬಹುದಿತ್ತು. ನಾನು ಗೊತ್ತಿಲ್ಲದ ಎಲ್ಲದಕ್ಕೂ ಕೊಟ್ಟೆ. ನಾಳೆ ಹತ್ತನೆಯದೋ ಹನ್ನೊಂದನೆಯದೋ ಬಂದು ಮತ್ತೆ ನಿಲ್ಲಬಾರದೆಂದು ಹಾಗೆ ಮಾಡಿದೆ. ಚೌಕಟ್ಟು ಹೋಯಿತು. ನಾಲ್ಕು ಸೆನ್ಸರುಗಳ ಅಂಕಿ ಪರದೆಯ ಮೇಲೆ ಬಂದವು. ವಾಲ್ವಿನ ಬಟನ್ ಒತ್ತಿದೆ, ವಾಲ್ವು ಮುಚ್ಚಿತು, ಗುರುತು ಹಸಿರಾಯಿತು. ಫ್ಯಾನು, ಭೋಂಗಾ ಎಲ್ಲ ಸರಿ. ನಾನು ಖುಷಿಯಲ್ಲಿದ್ದೆ.

ನೋಡದೆ ಬಿಟ್ಟದ್ದು ಒಂದೇ. ಗ್ಯಾಸು ಹೆಚ್ಚಾದರೆ ಪ್ರೋಗ್ರಾಂ ತಾನಾಗಿಯೇ ವಾಲ್ವು ಮುಚ್ಚಿ, ಫ್ಯಾನು ಹಚ್ಚಿ, ಭೋಂಗಾ ಕೂಗಿಸಬೇಕು. ಅದನ್ನು ಪರೀಕ್ಷಿಸಲು ಸೆನ್ಸರಿನ ಬಾಯಿಗೆ ಹಿಡಿಯುವ ಚಿಕ್ಕ ಗ್ಯಾಸ್ ಡಬ್ಬಿ ಬೇಕು. ಡಬ್ಬಿ ಬಂದಿರಲಿಲ್ಲ. ಬಟನ್ನಿನಿಂದ ಮುಚ್ಚುವ ವಾಲ್ವು ತಾನಾಗಿಯೂ ಮುಚ್ಚುತ್ತದೆ, ಎರಡಕ್ಕೂ ಅದೇ ಕೋರಿಕೆ ಹೋಗುತ್ತದೆ ಎಂದು ನಾನು ಅಂದುಕೊಂಡೆ. ಡಬ್ಬಿ ಬಂದ ಮೇಲೆ ನೋಡಿದರಾಯಿತು ಎಂದು ಕಾಗದದಲ್ಲಿ ಬರೆದೂ ಇಟ್ಟೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಕಾಕಾ ಪ್ರತಿ ಬೆಳಿಗ್ಗೆ ಗಂಧಕದ ಬತ್ತಿ ಹಚ್ಚಿಕೊಂಡು ಕೊಳವೆಯ ಒಂದೊಂದು ಜೋಡಣೆಗೂ ಹಿಡಿಯುತ್ತಿದ್ದರು. ಅಮೋನಿಯಾ ಸೋರುತ್ತಿದ್ದರೆ ಅಲ್ಲಿ ಬೆಳ್ಳಗೆ ಹೊಗೆ ಏಳುತ್ತದೆ. ಗಂಧಕದ ಹೊಗೆಗೆ ನನ್ನ ಸೆನ್ಸರುಗಳ ಅಂಕಿ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ಬತ್ತಿ ಹಚ್ಚಬೇಡಿ, ಈಗ ಸೆನ್ಸರು ಇವೆಯಲ್ಲ ಎಂದೆ. ಕಾಕಾ ಒಂದು ಗಳಿಗೆ ಬತ್ತಿಯನ್ನೂ ನನ್ನನ್ನೂ ನೋಡಿದರು.

“ಹಂಗಾರ ಬಿಡ್ತೀನ್ರಿ. ಕಲ್ತಾವರ ಹೇಳ್ತೀರಂದ್ರ.”

ಹನ್ನೆರಡು ದಿನದ ನಂತರ ನಾನು ಮತ್ತೆ ಹೋದದ್ದು ಬೇರೆ ಸಣ್ಣ ಕೆಲಸಕ್ಕೆ, ಸೆನ್ಸರಿನ ಅಂಕಿಗಳು ಮಾಲಕರ ಫೋನಿಗೆ ಹೋಗುವಂತೆ ಮಾಡಲು. ಆ ದಿನವೇ ಹನ್ನೊಂದು ನಲವತ್ತೆರಡು.

ಕಾಕಾ ಒಳಗೆ ಹೋಗಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮೊದಲು ಒಂದು ಸಪ್ಪಳ, ಕುಕ್ಕರಿನ ಸೀಟಿಯನ್ನು ನೂರು ಪಟ್ಟು ಮಾಡಿದಂತೆ. ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಲೇ ಜೋಡಣೆಯ ಹಳೆಯ ವಾಶರು ಕಿತ್ತುಬಂದಿತ್ತು. ಬಾಗಿಲಿನಿಂದ ಬಿಳಿ ಮೋಡ ಹೊರಟಿತು. ಭೋಂಗಾ ಕೂಗಲಿಲ್ಲ. ಅದು ಯಾಕೆ ಕೂಗುತ್ತಿಲ್ಲ ಎಂದು ನಾನು ಯೋಚಿಸಿದ್ದು ನೆನಪಿದೆ, ಪರದೆಯಲ್ಲಿ ಅದರ ಗುರುತೂ ಕೂಗುತ್ತಿರುವಂತೆ ಮಿನುಗುತ್ತಿತ್ತು. ಒಳಗಿನಿಂದ ಕಾಕಾ ಕೂಗಿದರು, “ಹೆಣ್ಮಕ್ಕಳನ ಹೊರಗ ಹಾಕ್ರಿ, ಗಾಳಿಗೆ ಎದುರ ಓಡ್ರಿ.” ನಾನು ಶೆಡ್ಡಿಗೆ ಓಡಿದೆ. ಎಲ್ಲರನ್ನೂ ರಸ್ತೆಯ ಆಚೆ ದಾಟಿಸಿ ತಿರುಗಿ ನೋಡಿದರೆ ಕಾಕಾ ಇನ್ನೂ ಬಂದಿರಲಿಲ್ಲ.

ಅವರು ಬಂದದ್ದು ಕೈಕಾಲಿನ ಮೇಲೆ, ಗೋಡೆ ಹಿಡಿದುಕೊಂಡು. ಕಣ್ಣು ಹೋದ ಮೇಲೂ ಒಳಗೆ ತಡಕಾಡಿ, ಅಮೋನಿಯಾದ ದೊಡ್ಡ ಟಾಕಿಯ ಬುಡದಲ್ಲಿರುವ ಮುಖ್ಯ ವಾಲ್ವನ್ನು ಕೈಯಿಂದ ತಿರುವಿ ಬಂದಿದ್ದರು. ಇಲ್ಲದಿದ್ದರೆ ಟಾಕಿ ಪೂರ್ತಿ ಖಾಲಿಯಾಗುತ್ತಿತ್ತು. ನಾನು ಅಂಗಳದ ನೀರಿನ ಪೈಪು ಹಿಡಿದು ಅವರ ಮುಖಕ್ಕೆ ಬಿಟ್ಟೆ. ರೆಪ್ಪೆಗಳನ್ನು ನನ್ನ ಬೆರಳಿನಿಂದ ಅಗಲಿಸಿ ಹಿಡಿದೆ. ಗಾಡಿ ಬರುವವರೆಗೆ ನೀರು ಬಿಡುತ್ತಲೇ ಇದ್ದೆ. ಅವರು ಒಂದೇ ಮಾತು ಕೇಳುತ್ತಿದ್ದರು.

“ಬಂದ್ ಇತ್ತಲ್ರಿ, ಬಾಯಾರ? ಬಂದ್ ಇತ್ತಲ್ರಿ?”

ಮೀರಜಿನ ಆಸ್ಪತ್ರೆಯಲ್ಲಿ ಒಂದು ಕಣ್ಣು ಉಳಿಯುವುದಿಲ್ಲ ಎಂದರು. ಇನ್ನೊಂದಕ್ಕೆ ಬೆಳಕು ಕತ್ತಲೆ ತಿಳಿದೀತು ಎಂದರು. ಎದೆಯ ಉರಿ ಎಷ್ಟು ಇಳಿಯುತ್ತದೋ ಕಾದು ನೋಡಬೇಕು.

ಮಾರನೆಯ ದಿನ ನಾನು ನನ್ನ ಪ್ರೋಗ್ರಾಮಿನ ಲಾಗ್ ತೆರೆದೆ. ಬಂದ ಪ್ರತಿ ಕೋರಿಕೆ, ಕೊಟ್ಟ ಪ್ರತಿ ಉತ್ತರ ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಹುಡುಕಬೇಕಾಗಲಿಲ್ಲ. ಹನ್ನೊಂದು ನಲವತ್ತೆರಡರ ಸಾಲಿನಲ್ಲಿ ಕೋರಿಕೆ ಇಪ್ಪತ್ತಮೂರು ಎಂದಿತ್ತು. ಅದರ ಮುಂದೆ “ಗೊತ್ತಿಲ್ಲ”, ಅದರ ಮುಂದೆ ಉತ್ತರ ಸೊನ್ನೆ.

ಬಟನ್ನಿಗೆ ಒಂದು ಕೋರಿಕೆ ಇತ್ತು. ಅಪಾಯಕ್ಕೆ ಬೇರೆಯದೇ ಇತ್ತು, ವಾಲ್ವು, ಫ್ಯಾನು, ಭೋಂಗಾ ಮೂರನ್ನೂ ಒಂದೇ ಏಟಿಗೆ ನಡೆಸುವಂಥದು. ಹಳೆಯ ಪ್ರೋಗ್ರಾಂ ಸರಿಯಾದ ಗಳಿಗೆಯಲ್ಲಿ ಅದನ್ನು ಕೇಳಿತ್ತು. ಕರ್ನಲ್ ಅದನ್ನು ಸರಿಯಾಗಿ ನನಗೆ ಮುಟ್ಟಿಸಿತ್ತು. ನಾನು ಏನೂ ಮಾಡದೆ “ಮಾಡಿದೆ” ಎಂದಿದ್ದೆ. ಕರ್ನಲ್ ಅದನ್ನು ಸರಿಯಾಗಿ ಒಯ್ದುಕೊಟ್ಟಿತ್ತು. ಪರದೆ ಹಸಿರಾಗಿತ್ತು. ಅದನ್ನು ನೋಡಿ ನಾನು ಬಾಯಿಂದಲೂ ಅದೇ ಉತ್ತರ ಕೊಟ್ಟಿದ್ದೆ.

ಸರ್‌ಗೆ ತೋರಿಸಿದೆ. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿದರು.

“ಯಾರರ ಕೇಳ್ಯಾರೇನ ಇದನ್ನ?”

“ಇಲ್ಲ ಸರ್. ಇನ್‌ಸ್ಪೆಕ್ಟರ್ ಹಳೇ ಪ್ರೋಗ್ರಾಮಿನ ದಾಖಲೆ ಅಷ್ಟ ತಗೊಂಡ ಹೋಗ್ಯಾರ.”

“ಕೇಳಿದಾಗ ನೋಡೂಣು. ನೀ ಈಗ ಮನೀಗೆ ಹೋಗು. ಮುಖ ನೋಡ್ಕೊ ಹೆಂಗಾಗೇತಿ.”

ಸರ್ ಕೆಟ್ಟವರಲ್ಲ. ಅವರ ವರ್ಕ್‌ಶಾಪಿನಲ್ಲಿ ಆರು ಮಂದಿ ಇದ್ದೇವೆ. ನಾನು ಮನೆಗೆ ಹೋದೆ. ನಿದ್ದೆ ಎಂಬುದು ಆ ದಿನದಿಂದ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ಹಸಿರು ಕಾಣುತ್ತಿತ್ತು.

ತನಿಖೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದಿದ್ದರು. ಹಳೆಯ ಪ್ರೋಗ್ರಾಮಿನ ದಾಖಲೆಯಲ್ಲಿ “ವಾಲ್ವ್ ಬಂದ್, ಹನ್ನೊಂದು ನಲವತ್ತೆರಡು” ಎಂದು ಸ್ಪಷ್ಟವಾಗಿತ್ತು. ಬಂದ್ ಆದ ಕೊಳವೆಯಿಂದ ಅಷ್ಟು ಅಮೋನಿಯಾ ಬರಬೇಕಾದರೆ, ಆ ವಾಲ್ವನ್ನು ಸುತ್ತಿ ಅಮೋನಿಯಾ ಹರಿಯಬಿಡುವ ಪಕ್ಕದ ಕೈವಾಲ್ವನ್ನು ಯಾರೋ ತೆರೆದಿರಬೇಕು ಎಂಬುದು ಇನ್‌ಸ್ಪೆಕ್ಟರರ ತರ್ಕ. ಒಳಗಿದ್ದವರು ಒಬ್ಬರೇ. ಕಣ್ಣು ಕಾಣದೆ ತಡಕಾಡಿದವರೂ ಅವರೇ. ಗ್ಯಾಸಿನ ಮುಖವಾಡ ಗೋಡೆಗೆ ತೂಗುತ್ತಿದ್ದರೂ ಹಾಕಿಕೊಳ್ಳದೆ ಹೋದವರು. ಕೈವಾಲ್ವು ನಿಜವಾಗಿಯೂ ಅರ್ಧ ತೆರೆದಿತ್ತು, ಮುಖ್ಯ ವಾಲ್ವು ಹುಡುಕುವಾಗ ಅವರ ಕೈ ಅದಕ್ಕೂ ಬಿದ್ದಿರಬೇಕು. ಎಲ್ಲ ಹೊಂದಿಕೊಂಡಿತು, ತಪ್ಪು ಕಾಕಾನದು ಎಂದಾಯಿತು.

ಎರಡು ವಾರದ ಮೇಲೆ ನಾನು ಮೀರಜಿಗೆ ಹೋದೆ. ಮಂಚದ ಪಕ್ಕ ಅವರ ಹೆಂಡತಿ ಕಾಕು ಮೋಸಂಬಿ ಸುಲಿಯುತ್ತಾ ಕೂತಿದ್ದರು. ಕಾಕಾನ ಎರಡೂ ಕಣ್ಣಿಗೆ ಪಟ್ಟಿ.

“ಯಾರ ಬಂದಾರ?”

“ಕಂಪ್ಯೂಟರ್ ಬಾಯಾರ ಬಂದಾರ,” ಎಂದರು ಕಾಕು. ನನ್ನ ಕಡೆ ತಿರುಗಿ, “ಕುಂದರ್ರಿ. ಕಣ್ಣಿಗೆ ಪಟ್ಟಿ ಕಟ್ಯಾರ, ಬಾಯಿಗಿ ಕಟ್ಟೂದ ಮರತಾರ. ಮುಂಜಾನಿಂದ ಒಂದ ರಾಗ.”

ಆ ರಾಗ ಏನೆಂದು ನನಗೆ ಆಗ ತಿಳಿಯಿತು. ಕಾಕಾ ಎರಡೂ ಕೈಯನ್ನು ಎದೆಯ ಮೇಲೆತ್ತಿ ಗಾಳಿಯಲ್ಲಿ ವಾಲ್ವು ತಿರುವುತ್ತಿದ್ದರು. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

“ನನಗ ನೆಪ್ಪ ಆಗವಲ್ದು ಬಾಯಾರ. ಮೊದ್ಲ ಯಾವದ ಹಿಡದ್ನಿ, ಯಾಕಡೆ ತಿರುವಿದ್ನಿ. ಇಪ್ಪತ್ತ ವರ್ಷ ತಿರುವೇನಿ, ಕೈಗೆ ಗೊತ್ತಿರಬೇಕಲ್ಲ. ಆ ಸಾಹೇಬ ಹೇಳೂದ ಖರೇ ಐತಿ ಅನಸ್ತೈತಿ. ನೀವ ಬಂದ್ ಐತಿ ಅಂದಿದ್ರಿ. ಅಂದ ಮ್ಯಾಲ ನಾನ ತೆರದಿರಬೇಕು. ಹೆಣ್ಮಕ್ಕಳ ಇದ್ರಲ್ರಿ ಅಲ್ಲೆ, ಮೂವತ್ತ ಮಂದಿ.”

ಕಾಕು ಸುಲಿಯುವುದನ್ನು ನಿಲ್ಲಿಸಿದರು. ನಾನು ಹೇಳಬೇಕಾದದ್ದು ಆಗಲೇ. ಹಣ್ಣು ತಿನ್ನಿ ಕಾಕಾ ಎಂದು ಎದ್ದು ಬಂದೆ.

ಬಸ್ಸಿನಲ್ಲಿ ಉಗಾರದ ಕಬ್ಬಿನ ಹೊಲಗಳು ದಾಟುವಾಗ ನಿರ್ಧಾರವಾಯಿತು ಎಂದು ಹೇಳಿದರೆ ಅದು ದೊಡ್ಡ ಮಾತಾದೀತು. ಆದದ್ದಿಷ್ಟೇ. ಅವರ ಕೈ ಗಾಳಿಯಲ್ಲಿ ತಿರುಗುವುದು ಕಣ್ಣಮುಂದಿನಿಂದ ಹೋಗಲಿಲ್ಲ, ಚಿಕ್ಕೋಡಿಯಲ್ಲಿ ಇಳಿದವಳು ಮನೆಗೆ ಹೋಗದೆ ವರ್ಕ್‌ಶಾಪಿಗೆ ಹೋದೆ. ನಾಳೆ ಇನ್‌ಸ್ಪೆಕ್ಟರಿಗೆ ಲಾಗ್ ಕೊಡುತ್ತೇನೆ ಎಂದು ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನಿನ್ನ ಜಾಗಾದಾಗ ನಾ ಇದ್ರ ಕೊಡ್ತಿದ್ನೋ ಇಲ್ಲೋ ಗೊತ್ತಿಲ್ಲ. ಕೊಡೂದಾದ್ರ ಪೂರಾ ಕೊಡು. ಕೋಡ್ ಸಹಿತ. ಪರೀಕ್ಷಾ ಮಾಡದ ಚಾಲೂ ಮಾಡಾಕ ಬಿಟ್ಟಾವ ನಾ ಅಂತನೂ ಬರಿ.”

ಇನ್‌ಸ್ಪೆಕ್ಟರ್ ನನ್ನ ಮಾತನ್ನು ಮೂರು ಸಲ ಹೇಳಿಸಿದರು. ಕರ್ನಲ್, ಕೋರಿಕೆ, ಸೊನ್ನೆ. ಕೊನೆಗೆ, “ಅಂದ್ರ ಮಾಡಲಾರದ ಕೆಲಸಾನ ಮಾಡೇನಿ ಅಂತ ನಿಮ್ಮ ಪ್ರೋಗ್ರಾಂ ಹೇಳ್ತು” ಎಂದರು.

“ಹೌದ್ರಿ. ಆಮ್ಯಾಲ ನಾನೂ ಹೇಳಿದ್ನಿ.”

“ಬರದ ಕೊಡ್ರಿ.”

ಎರಡು ಪುಟ ಬರೆದುಕೊಟ್ಟೆ. ಆ ವಿಚಾರಣೆ ಇನ್ನೂ ನಡೆದಿದೆ, ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ನಾನು ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕಾಕಾಗೆ ಹೇಳುವುದು ಇನ್ನೂ ಉಳಿದಿತ್ತು.

ಅವರು ಮನೆಗೆ ಬಂದ ಮೇಲೆ ಉಗಾರ ಬುದ್ರುಕಕ್ಕೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು, ಕಪ್ಪು ಕನ್ನಡಕ. ಮಾತಿನ ನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಒಂಬತ್ತನೆಯ ಕೋರಿಕೆಯಿಂದ ಇಪ್ಪತ್ತಮೂರನೆಯದರವರೆಗೆ. ಗಂಧಕದ ಬತ್ತಿಯನ್ನೂ ಹೇಳಿದೆ. ವಾಲ್ವು ಎಂದೂ ಮುಚ್ಚಿರಲಿಲ್ಲ, ನೀವು ಕೈವಾಲ್ವು ಮುಟ್ಟಿದ್ದು ಆಮೇಲೆ, ನಿಮ್ಮಿಂದ ಏನೂ ಆಗಿಲ್ಲ ಎಂದೆ.

ಅವರು ಮೆಲ್ಲಗೆ ನಕ್ಕರು.

“ನೀವ ಭಾಳ ಚೊಲೋ ಮನಶಾರ ಬಾಯಾರ. ಮುದಕಗ ಸಮಾಧಾನ ಹೇಳಾಕ ಅಲ್ಲಿಂದ ಬಂದೀರಿ.”

“ಸಮಾಧಾನಕ್ಕ ಅಲ್ರಿ ಕಾಕಾ, ಖರೇ ಹೇಳಾಕತ್ತೇನಿ. ಸಾಹೇಬರಿಗೂ ಬರದ ಕೊಟ್ಟೇನಿ.”

“ಕೊಟ್ಟಿರಬೇಕು. ನನ್ನ ಸಲವಾಗಿ ನಿಮ್ಮ ತಲೀ ಮ್ಯಾಲ ತಗೊಂಡೀರಿ. ಬ್ಯಾಡ. ಸಣ್ಣ ವಯಸ್ಸ ನಿಮ್ದು.”

ಕಾಕು ಒಳಗಿನಿಂದಲೇ ಹೇಳಿದರು, “ನಂಬೂದಿಲ್ಲ ಅವ. ನಾ ಹೇಳಿದ್ರೂ ನಂಬವಲ್ಲ. ಊಟದಾಗೂ ಕೈ ತಿರುವತಾನ, ತಾಟ ಬೀಳ್ತೈತಿ.”

ನಾನು ಇಷ್ಟು ದಿನ ಹೇಳಲು ಅಂಜಿದ್ದೆ. ಹೇಳಿದ ಮಾತನ್ನು ಅವರು ದಯೆ ಎಂದು ತಿಳಿದಾರು ಎಂಬುದು ಹೊಳೆದೇ ಇರಲಿಲ್ಲ. ಕಾಗದ ತೋರಿಸೋಣವೆಂದರೆ ಓದುವ ಕಣ್ಣಿಲ್ಲ. ಲಾಗ್ ತೋರಿಸಿದರೂ ಅದು ನನ್ನದೇ ಬರಹ. ಆ ಮನುಷ್ಯನಿಗೆ ಕೈಯಿಂದ ಗೊತ್ತಾದದ್ದು ಮಾತ್ರ ಗೊತ್ತಾದಂತೆ.

ಕೋಲ್ಡ್ ಸ್ಟೋರೇಜಿನ ಅಮೋನಿಯಾ ಆಗಲೇ ಪೂರ್ತಿ ತೆಗೆದಾಗಿತ್ತು. ನಾನು ಮಾಲಕರನ್ನು ಕಂಡೆ, ಇನ್‌ಸ್ಪೆಕ್ಟರನ್ನು ಕಂಡೆ. ಘಟನೆ ಹೇಗಾಯಿತೆಂದು ಅಧಿಕೃತವಾಗಿ ತೋರಿಸುವುದು ಹೇಗೂ ಬಾಕಿ ಇತ್ತು. ಆ ದಿನ ಕಾಕಾ ಇರಬೇಕು ಎಂದೆ. ಮಾಲಕರು ತಾವೇ ಗಾಡಿ ತೆಗೆದುಕೊಂಡು ಹೋಗಿ ಗಂಡಹೆಂಡಿರನ್ನು ಕರೆತಂದರು. ಒಳಬಾಗಿಲ ಹೊಸ್ತಿಲಲ್ಲಿ ಕಾಕಾ ನಿಂತುಬಿಟ್ಟರು. ಮಾಲಕರು ಅವರ ಮೊಳಕೈ ಹಿಡಿದು, “ಏನೂ ಇಲ್ಲೋ ಒಳಗ, ಖಾಲಿ ಐತಿ. ನಾ ಅದೇನಿ, ನಡಿ” ಎಂದರು. ಕಾಕಾ ಮೂಗೆತ್ತಿ ಎರಡು ಸಲ ಎಳೆದು ನೋಡಿ ಕಾಲು ಮುಂದಿಟ್ಟರು.

ನಾನು ಹಳೆಯ ಕೋಡನ್ನು ಇದ್ದ ಹಾಗೆಯೇ ಹಾಕಿದ್ದೆ, ಆ ಸೊನ್ನೆಯ ಸಾಲಿನ ಸಮೇತ. ಕಾಕಾನ ಅಂಗೈಯನ್ನು ವಾಲ್ವಿನ ಮೇಲಿಟ್ಟೆವು. ಮೊದಲು ಪರದೆಯ ಬಟನ್ ಒತ್ತಿದೆ. ವಾಲ್ವು ಟಕ್ಕೆಂದಿತು.

“ಮುಚ್ತು,” ಎಂದರು ಕಾಕಾ.

ತೆರೆದೆ. ಮತ್ತೆ ಟಕ್ಕೆಂದಿತು. ಆಮೇಲೆ ಕೊನೆಗೂ ಬಂದಿದ್ದ ಆ ಚಿಕ್ಕ ಡಬ್ಬಿಯನ್ನು ಸೆನ್ಸರಿನ ಬಾಯಿಗೆ ಹಿಡಿದೆ. ಅಂಕಿ ಏರಿತು. ಪರದೆಯಲ್ಲಿ ವಾಲ್ವಿನ ಗುರುತು ಹಸಿರಾಯಿತು. ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿದರು, “ವಾಲ್ವ್ ಬಂದ್.” ಕಾಕು ಪರದೆಯ ಹತ್ತಿರ ಬಗ್ಗಿ, “ಹೌದು, ಹಸರ ಆತು” ಎಂದರು.

ಕಾಕಾ ಕೈ ಎತ್ತಲಿಲ್ಲ. ಕಾದರು. ನಾವೆಲ್ಲ ಕಾದೆವು.

“ಎಲ್ಲಿ ಬಂದ್?” ಎಂದರು ಅವರು.

ನಾನು ಸೆನ್ಸರಿನ ಬಾಯಿಂದ ಡಬ್ಬಿ ತೆಗೆದೆ.

“ಇನ್ನೊಮ್ಮಿ ಮಾಡ್ರಿ.”

ಮಾಡಿದೆ. ಹಸಿರಾಯಿತು. ಅವರ ಕೈಯ ಕೆಳಗೆ ಕಬ್ಬಿಣ ಸುಮ್ಮನಿತ್ತು. ಅವರು ಇನ್ನೊಮ್ಮೆ, ಮತ್ತೂ ಒಮ್ಮೆ ಎಂದು ಐದು ಸಲ ಮಾಡಿಸಿದರು. ಐದನೆಯದಕ್ಕೆ ಕೈ ತೆಗೆದು ನಾನು ನಿಂತಿದ್ದ ದಿಕ್ಕಿಗೆ ಮುಖ ತಿರುಗಿಸಿದರು. ಅಷ್ಟು ದಿನದಲ್ಲಿ ಅವರು ನನ್ನನ್ನು ಬಹುವಚನ ಬಿಟ್ಟು ಕರೆದದ್ದು ಅದೇ ಮೊದಲು.

“ಏನ್ ಮಾಡಿಟ್ಟಿ ನೀ? ಬಂದ್ ಆಗೇತಿ ಅಂದಿ ನನಗ. ಎದ್ದ ನೋಡಿ ಹೇಳಬಾರದಿತ್ತ? ಹತ್ತ ಹೆಜ್ಜಿ ಇತ್ತು. ನನ್ನ ಕಣ್ಣ ಹೋದ್ವಲ್ಲ. ನಾನ ಮಾಡೇನಿ ಅಂತ ದಿನಾ ಸಾಯಾಕತ್ತಿದ್ನಿ.”

ಉಸಿರು ನಿಂತಿತು. ಮತ್ತೆ ಬಂತು. ಮತ್ತೆ ಬೈದರು. ಗಂಧಕದ ಬತ್ತಿಯ ಹೆಸರೆತ್ತಿ ಬೈದರು, ನನ್ನ ಓದಿನ ಹೆಸರೆತ್ತಿ ಬೈದರು. ಕಾಕು ತಡೆಯಲು ಹೋದಾಗ ಮಾಲಕರು ಬೇಡವೆಂದು ಕೈಸನ್ನೆ ಮಾಡಿದರು. ನಾನು ಎದುರಿಗೆ ನಿಂತು ಕೇಳಿದೆ. ಹೂಂ ಎಂದೂ ಅನ್ನಲಿಲ್ಲ. ಬೈದು ದಣಿದು ಅವರು ಅಲ್ಲೇ ಕಂಪ್ರೆಸರಿನ ಕಟ್ಟೆಯ ಮೇಲೆ ಕೂತರು. ಎರಡೂ ಕೈ ತೊಡೆಯ ಮೇಲೆ ಬಿದ್ದಿದ್ದವು, ಅಲುಗದೆ.

ಹೊರಡುವಾಗ ಅವರು ನನ್ನ ಜೊತೆ ಮಾತಾಡಲಿಲ್ಲ. ಇಂದಿಗೂ ಆಡಿಲ್ಲ. ಕಾಕು ಗಾಡಿ ಹತ್ತುವ ಮೊದಲು ನನ್ನ ಕಡೆ ಒಮ್ಮೆ ನೋಡಿದರು, ಆ ನೋಟದಲ್ಲಿ ಏನಿತ್ತೆಂದು ನಾನು ಓದಲಾರೆ.

ಸಂಜೆ ಆರಕ್ಕೆ ಚಿಕ್ಕೋಡಿಗೆ ಬಂದೆ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಒರಗಿದ್ದು ನೆನಪಿದೆ. ಎಚ್ಚರವಾದಾಗ ಬೆಳಗಾಗಿತ್ತು, ಹಾಲಿನವನು ಬಾಗಿಲು ಬಡಿಯುತ್ತಿದ್ದ.